ಕವಚವೂ ಸಡಿಲ ಉಡುಪೂ: ದೇಹರಕ್ಷಣೆಯ ಒಂದು ವಿಚಾರ

ಕವಚವೆಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸಿನಲ್ಲಿ ಮೂಡುವುದು ಕರ್ಣನ ಚಿತ್ರ. ಹುಟ್ಟುವಾಗಲೇ ಮೈಗಂಟಿ ಬಂದ ಆ ಕವಚದಿಂದ ಅವನಿಗೆ ಸೆಕೆಯಾಯಿತೆಂದಾಗಲೀ, ಅದರ ಭಾರದಿಂದ ಅವನು ಬಳಲಿದನೆಂದಾಗಲೀ ಕಥೆ ಹೇಳುವುದಿಲ್ಲ. ದೇವದತ್ತವಾದ ಕವಚಕ್ಕೆ ಅಂತಹ ದೋಷಗಳಿರಲಾರವು. ಆದರೆ ಮನುಷ್ಯನು ತನ್ನ ಕೈಯಾರೆ ಮಾಡಿಕೊಂಡ ಕವಚಗಳ ಸಂಗತಿ ಬೇರೆ. ಅವು ಒಂದು ಅಪಾಯವನ್ನು ತಡೆದು ಇನ್ನೊಂದನ್ನು ಬಳಿಗೆ ಕರೆಯುತ್ತವೆ. ಸಡಿಲ ಉಡುಪೂ ಹಾಗೆಯೇ. ಒಂದು ಕಡೆ ಅದು ಮಿತ್ರ, ಮತ್ತೊಂದು ಕಡೆ ಶತ್ರು. ಯಾವ ಸಂದರ್ಭದಲ್ಲಿ ಯಾವುದು ಮೈಯನ್ನು ಕಾಯುತ್ತದೆ ಎಂಬ ವಿವೇಚನೆ ರಣರಂಗದ ಯೋಧರಿಗಷ್ಟೇ ಸೇರಿದ್ದಲ್ಲ. ದೆಹಲಿಯ ಬಿಸಿಲಿನಲ್ಲಿ ದುಡಿಯುವವರಿಗೆ, ಸ್ಕೂಟರಿನ ಹಿಂಬದಿಯಲ್ಲಿ ಕುಳಿತು ಸಾಗುವ ಗೃಹಿಣಿಯರಿಗೆ, ಅಡಿಗೆಮನೆಯ ಒಲೆಯ ಮುಂದೆ ನಿಲ್ಲುವವರಿಗೆ ಅದು ನಿತ್ಯದ ಪ್ರಶ್ನೆ.

ಆಟದ ಲೆಕ್ಕಾಚಾರ

ಇಂದಿನ ತರುಣರಲ್ಲಿ ಪಾತ್ರಧಾರಣೆಯ ಆಟಗಳು ಬಳಕೆಗೆ ಬಂದಿವೆ. ಆಟಗಾರನು ಒಬ್ಬ ಯೋಧನ, ಮಂತ್ರವಾದಿಯ ಅಥವಾ ಕಳ್ಳನ ಪಾತ್ರವನ್ನು ವಹಿಸಿ, ದಾಳಗಳನ್ನು ಉರುಳಿಸಿ, ಕಲ್ಪಿತ ಶತ್ರುಗಳೊಡನೆ ಕಾದಾಡುತ್ತಾನೆ. ಈ ಬಗೆಯ ಆಟಗಳಲ್ಲಿ ಪ್ರಸಿದ್ಧವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ನಿರ್ಮಾಪಕರು. ಪಗಡೆಯ ನಾಡಿನವರಿಗೆ ದಾಳದ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಇಲ್ಲಿನ ದಾಳಕ್ಕೆ ಮಾತ್ರ 20 ಮುಖಗಳು.

ಈ ಆಟದಲ್ಲಿ ಪ್ರತಿಯೊಂದು ಪಾತ್ರಕ್ಕೂ ಒಂದು ರಕ್ಷಣಾಂಕ ಉಂಟು. ಶತ್ರುವಿನ ದಾಳದ ಮೊತ್ತ ಆ ಅಂಕವನ್ನು ಮುಟ್ಟಿದರೆ ಏಟು ತಗಲುತ್ತದೆ, ಇಲ್ಲವಾದರೆ ತಪ್ಪುತ್ತದೆ. 2014ರ ನಿಯಮಾವಳಿಯಂತೆ ಸಾಧಾರಣ ಬಟ್ಟೆ ತೊಟ್ಟವನ ಅಂಕ 10. ಅದಕ್ಕೆ ಅವನ ಮೈಚುರುಕಿನ ಪಾಲನ್ನು ಕೂಡಿಸಬೇಕು. ಚರ್ಮದ ಕವಚಕ್ಕೆ 11, ಮತ್ತೆ ಮೈಚುರುಕಿನ ಪಾಲು. ಅಡಿಯಿಂದ ಮುಡಿಯವರೆಗೆ ಲೋಹದ ಹಲಗೆಗಳನ್ನು ಧರಿಸಿದವನಿಗೆ 18. ಆದರೆ ಅವನು ಎಷ್ಟೇ ಚುರುಕಾಗಿದ್ದರೂ ಅದರ ಲಾಭ ಅವನಿಗೆ ದೊರೆಯುವುದಿಲ್ಲ. ಸದ್ದಿಲ್ಲದೆ ನಡೆಯುವುದೂ ಅವನಿಗೆ ಕಷ್ಟ. ಅತಿಯಾದ ಬಿಸಿಲಿನ ಪ್ರದೇಶದಲ್ಲಿ ಭಾರದ ಕವಚ ತೊಟ್ಟವನು ಬೇಗ ಬಳಲುವನೆಂಬ ವಿಧಿಯನ್ನೂ ಅದೇ ನಿಯಮಾವಳಿ ಸೇರಿಸಿದೆ.

ಆಟದ ಈ ಲೆಕ್ಕಾಚಾರದಲ್ಲಿ ಒಂದು ಸತ್ಯ ಅಡಗಿದೆ. ರಕ್ಷಣೆಯೆಂಬುದು ಎರಡು ಬಗೆ: ಏಟನ್ನು ತಡೆದುಕೊಳ್ಳುವುದು ಒಂದು, ಏಟಿನಿಂದ ತಪ್ಪಿಸಿಕೊಳ್ಳುವುದು ಮತ್ತೊಂದು. ಮೊದಲನೆಯದು ಹೆಚ್ಚಿದಷ್ಟೂ ಎರಡನೆಯದು ಕುಗ್ಗುತ್ತದೆ. ಚರಿತ್ರೆಯ ಕವಚಗಳೆಲ್ಲ ಇವೆರಡರ ನಡುವೆ ಮಾಡಿಕೊಂಡ ಒಪ್ಪಂದಗಳೇ ಆಗಿವೆ.

ಲೋಹ, ಚರ್ಮ ಮತ್ತು ಹತ್ತಿ

ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆಯುಧ ಸಂಗ್ರಹವನ್ನು ಕಂಡವರಿಗೆ ಮೊಗಲರ ಕಾಲದ ಕವಚಗಳ ಪರಿಚಯವಿರಬಹುದು. ಉಕ್ಕಿನ ಸಣ್ಣ ಬಳೆಗಳನ್ನು ಒಂದಕ್ಕೊಂದು ಕೋದು ಮಾಡಿದ ಜಾಲರಿಯ ಅಂಗಿ, ಅದರ ಮೇಲೆ ಎದೆ, ಬೆನ್ನು ಮತ್ತು ಎರಡು ಪಕ್ಕೆಗಳಿಗೆ ಒಂದೊಂದು ಲೋಹದ ಫಲಕ: ಇದೇ ‘ಚಾರ್ ಆಯಿನಾ’, ಎಂದರೆ ನಾಲ್ಕು ಕನ್ನಡಿ. ಜಾಲರಿಯು ಕತ್ತಿಯ ಅಲಗನ್ನು ತಡೆಯುತ್ತದೆ. ಆದರೆ ಏಟಿನ ರಭಸವನ್ನು ತಡೆಯುವುದಿಲ್ಲ. ಚರ್ಮ ಸೀಳದಿದ್ದರೂ ಒಳಗಿನ ಮೂಳೆ ಮುರಿಯಬಹುದು. ಆದ್ದರಿಂದಲೇ ಜಾಲರಿಯ ಕೆಳಗೆ ದಪ್ಪನೆಯ ಹೊಲಿಗೆಯ ಬಟ್ಟೆ ಬೇಕಾಗುತ್ತಿತ್ತು. ಲೋಹವು ಅಲಗಿಗೆ, ಬಟ್ಟೆಯು ರಭಸಕ್ಕೆ ಎಂಬ ಈ ಕಾರ್ಯವಿಭಜನೆ ಜಗತ್ತಿನ ಎಲ್ಲೆಡೆಯೂ ಕಾಣುತ್ತದೆ.

ಬಟ್ಟೆಯೇ ಪ್ರಧಾನವಾದ ಕವಚಗಳೂ ಉಂಟು. ಮಡಿಕೆಯ ಮೇಲೆ ಮಡಿಕೆ ಇಟ್ಟು ಹೊಲಿದು, ಮೇಲೆ ಹಿತ್ತಾಳೆಯ ಮೊಳೆಗಳನ್ನು ಸಾಲಾಗಿ ಬಡಿದ ಅಂಗಿಗೆ ‘ಸಾವಿರ ಮೊಳೆಯ ಅಂಗಿ’ ಎಂಬ ಹೆಸರೇ ಇತ್ತು. ಕರ್ನಾಟಕದ ಸಂಗತಿಯನ್ನು ನೋಡುವುದಾದರೆ, ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯಸನು ಕೃಷ್ಣದೇವರಾಯನ ಸವಾರರ ನಿಲುವಂಗಿಗಳನ್ನು ಬಣ್ಣಿಸಿದ್ದಾನೆ. ಮೇಲೆ ರೇಷ್ಮೆ, ಮಖಮಲ್ಲು. ಒಳಗೆ ಹಸಿ ಚರ್ಮದ ಪದರಗಳು ಮತ್ತು ಕಬ್ಬಿಣದ ತಗಡುಗಳು. ಇನ್ನೊಬ್ಬ ಪೋರ್ತುಗೀಜನಾದ ನೂನಿಜನು 1520ರ ರಾಯಚೂರಿನ ದಂಡಯಾತ್ರೆಯನ್ನು ವಿವರಿಸುತ್ತಾ ಹತ್ತಿ ತುಂಬಿ ಹೊಲಿದ ಶಿರಸ್ತ್ರಾಣಗಳನ್ನು ಹೆಸರಿಸುತ್ತಾನೆ. ಅವನ ಮತ್ತೊಂದು ಮಾತು ಗಮನಾರ್ಹವಾದುದು: ಕಾಲಾಳುಗಳ ಗುರಾಣಿ ಇಡೀ ದೇಹವನ್ನೇ ಮರೆಮಾಡುವಷ್ಟು ದೊಡ್ಡದಾಗಿದ್ದುದರಿಂದ ಅವರಿಗೆ ಬೇರೆ ಕವಚವೇ ಬೇಕಾಗಿರಲಿಲ್ಲವಂತೆ. ಸೆಕೆಯ ನಾಡಿನಲ್ಲಿ ಇದು ಜಾಣತನದ ಏರ್ಪಾಡು. ಗುರಾಣಿಯನ್ನು ಬೇಕಾದಾಗ ಎತ್ತಬಹುದು, ಬೇಡವಾದಾಗ ಇಳಿಸಬಹುದು. ಮೈಗೆ ಗಾಳಿ ತಾಗುತ್ತಲೇ ಇರುತ್ತದೆ.

ಇನ್ನು ಸಡಿಲವಾದ ಬಟ್ಟೆಯೂ ಅಸ್ತ್ರವನ್ನು ತಡೆಯಬಲ್ಲುದು. ಜಪಾನಿನ ಸವಾರರು ಬೆನ್ನಿಗೆ ‘ಹೋರೋ’ ಎಂಬ ದೊಡ್ಡ ವಸ್ತ್ರವನ್ನು ಕಟ್ಟುತ್ತಿದ್ದರು. ಕುದುರೆ ಓಡಿದಂತೆ ಅದು ಗಾಳಿ ತುಂಬಿ ಉಬ್ಬುತ್ತಿತ್ತು. ಹಿಂದಿನಿಂದ ಬಂದ ಬಾಣ ಬಿಗಿಯಾದ ಬಟ್ಟೆಯನ್ನು ಹರಿದು ಹೋಗಬಹುದು; ತೂಗಾಡುವ ಬಟ್ಟೆಯಾದರೋ ಬಾಣದೊಡನೆ ತಾನೂ ಹಿಂದೆ ಸರಿದು ಅದರ ವೇಗವನ್ನು ನುಂಗಿಬಿಡುತ್ತದೆ.

ಎಂತಹ ಕವಚಕ್ಕೂ ಒಂದು ಕಿಂಡಿ ಇರಲೇಬೇಕು. ನೋಡಲು, ಉಸಿರಾಡಲು ಅದಿಲ್ಲದೆ ಆಗದು. ದೆಹಲಿಗೆ ಸಮೀಪದ ಪಾಣಿಪತ್ತಿನಲ್ಲಿ 1556ರ ನವೆಂಬರ್ 5ರಂದು ಆನೆಯ ಮೇಲೆ ಕುಳಿತು ಗೆಲುವಿನತ್ತ ಸಾಗಿದ್ದ ಹೇಮುವಿಗೆ ಬಾಣ ತಗುಲಿದುದು ಕಣ್ಣಿಗೆ. ನಾಯಕನು ಕುಸಿದೊಡನೆ ಸೈನ್ಯ ಚದುರಿತು.

ಕವಚದ ಬೆಲೆ

ಯುರೋಪಿನ ಮಧ್ಯಯುಗದ ಪೂರ್ಣ ಲೋಹಕವಚದ ತೂಕ ಸುಮಾರು 30ರಿಂದ 50 ಕಿಲೋಗ್ರಾಂ. 2011ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಮತ್ತವರ ಸಹೋದ್ಯೋಗಿಗಳು ಅಂತಹ ಕವಚಗಳ ಪ್ರತಿಕೃತಿಗಳನ್ನು ತೊಟ್ಟವರನ್ನು ಯಂತ್ರದ ಮೇಲೆ ನಡೆಸಿ, ಓಡಿಸಿ, ಅವರ ಉಸಿರನ್ನು ಅಳೆದರು. ಕವಚವಿಲ್ಲದವನಿಗಿಂತ ಕವಚಧಾರಿಗೆ ನಡೆಯಲು 2.1ರಿಂದ 2.3 ಪಟ್ಟು, ಓಡಲು 1.9 ಪಟ್ಟು ಶಕ್ತಿ ವ್ಯಯವಾಗುತ್ತದೆಂದು ಕಂಡುಬಂದಿತು. ಅಷ್ಟೇ ಭಾರವನ್ನು ಬೆನ್ನ ಮೇಲೆ ಹೊತ್ತರೆ ಇಷ್ಟು ಆಯಾಸವಿಲ್ಲ. ಕಾಲುಗಳಿಗೆ ಕಟ್ಟಿದ ಲೋಹವನ್ನು ಹೆಜ್ಜೆಹೆಜ್ಜೆಗೂ ಬೀಸಬೇಕಾಗುವುದರಿಂದ ಶ್ರಮ ಹೆಚ್ಚುತ್ತದೆ. ಎದೆಯ ಕವಚದ ಬಿಗಿಯಿಂದ ಉಸಿರು ಆಳಕ್ಕಿಳಿಯದೆ ಮೇಲುಸಿರಾಗುತ್ತದೆ.

ಶ್ರಮ ಹೆಚ್ಚಿದರೆ ಮೈಯೊಳಗೆ ಶಾಖ ಹೆಚ್ಚುತ್ತದೆ. ಆರೋಗ್ಯದ ದೃಷ್ಟಿಯಿಂದ ಇದೇ ಮುಖ್ಯವಾದ ಅಂಶ. ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್; ಚರ್ಮದ್ದು ಸುಮಾರು 35. ಹೊರಗಿನ ಗಾಳಿ ಇದಕ್ಕಿಂತ ಬಿಸಿಯಾದಾಗ ಗಾಳಿಯಿಂದಲೇ ಮೈಗೆ ಶಾಖ ಹರಿಯುತ್ತದೆ. ಆಗ ಉಳಿಯುವ ಉಪಾಯ ಒಂದೇ: ಬೆವರು ಆವಿಯಾಗುವುದು. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈಯಿಂದ ತೊಲಗುತ್ತದೆ. ಮಂಜಿನಷ್ಟು ತಣ್ಣಗಿರುವ 5.8 ಲೀಟರ್ ನೀರನ್ನು ಕುದಿಬಿಂದುವಿಗೆ ತರುವಷ್ಟು ಶಾಖವಿದು. ಆದರೆ ಬೆವರು ಆವಿಯಾಗಬೇಕು; ತೊಟ್ಟಿಕ್ಕಿ ಹೋದ ಬೆವರಿನಿಂದ ಉಪಯೋಗವಿಲ್ಲ. ಗಾಳಿಯಾಡದ ಕವಚದೊಳಗೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ.

1187ರ ಜುಲೈ 4ರಂದು ಪ್ಯಾಲೆಸ್ಟೈನಿನ ಹತ್ತೀನ್ ಎಂಬಲ್ಲಿ ಯುರೋಪಿನ ಧರ್ಮಯೋಧರ ಸೈನ್ಯವು ಸಲಾದೀನನಿಗೆ ಸೋತುದರ ಒಂದು ಮುಖ್ಯ ಕಾರಣ ಬಿಸಿಲು ಮತ್ತು ಬಾಯಾರಿಕೆ. ನೀರಿನ ಮೂಲಗಳಿಂದ ದೂರವಾಗಿ, ಬೇಸಗೆಯ ನಡುವೆ, ಕವಚ ತೊಟ್ಟು ಸಾಗಿದ ಆ ಸೈನ್ಯದ ಶಕ್ತಿ ಶತ್ರುವನ್ನು ಎದುರಿಸುವ ಮೊದಲೇ ಬತ್ತಿಹೋಗಿತ್ತು.

ಇದು ಹಳೆಯ ಕಾಲಕ್ಕೆ ಮುಗಿದ ಕಥೆಯಲ್ಲ. 2020ರ ಮೇ 26ರಂದು ದೆಹಲಿಯ ಪಾಲಂನಲ್ಲಿ ಉಷ್ಣತೆ 47.6 ಡಿಗ್ರಿ ಮುಟ್ಟಿತು. ಅದು ಕೋವಿಡ್ ಸಾಂಕ್ರಾಮಿಕದ ಕಾಲ. ವೈದ್ಯರು, ದಾದಿಯರು, ಆಂಬುಲೆನ್ಸ್ ಚಾಲಕರು, ಚಿತಾಗಾರದ ಕೆಲಸಗಾರರು ಅಡಿಯಿಂದ ಮುಡಿಯವರೆಗೆ ಮುಚ್ಚಿದ ರಕ್ಷಣಾ ಉಡುಪಿನಲ್ಲಿ ದುಡಿಯಬೇಕಾಗಿತ್ತು. ವೈರಾಣುವನ್ನು ಒಳಗೆ ಬಿಡದ ಆ ಬಟ್ಟೆ ಬೆವರಿನ ಆವಿಯನ್ನು ಹೊರಗೂ ಬಿಡುತ್ತಿರಲಿಲ್ಲ. ಉಡುಪನ್ನು ಒಮ್ಮೆ ತೊಟ್ಟರೆ ಕಳಚುವ ತನಕ ನೀರು ಕುಡಿಯುವಂತಿಲ್ಲ. ಅವರ ಸೇವೆಯ ಹಿರಿಮೆಯನ್ನು ತಿಳಿಯಬೇಕಾದರೆ ಕವಚದ ಈ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸೈನಿಕರ ಗುಂಡುನಿರೋಧಕ ಅಂಗಿಯ ಭಾರವನ್ನು ಇಳಿಸುವ ಪ್ರಯತ್ನ ದೆಹಲಿಯಲ್ಲಿಯೇ ನಡೆದಿದೆ. ರಕ್ಷಣಾ ಸಂಶೋಧನಾ ಸಂಸ್ಥೆಯೂ ದೆಹಲಿಯ ಐ.ಐ.ಟಿ.ಯೂ ಕೂಡಿ ಸಿದ್ಧಪಡಿಸಿದ ‘ಅಭೇದ್’ ಎಂಬ ಹಗುರ ಅಂಗಿಯನ್ನು 2024ರಲ್ಲಿ ಪ್ರಕಟಿಸಲಾಯಿತು. ಅದರ ಅತಿ ಕಡಿಮೆ ತೂಕ 8.2 ಕಿಲೋಗ್ರಾಂ. ಬೋರಾನ್ ಕಾರ್ಬೈಡ್ ಎಂಬ ಗಡುಸಾದ ಪಿಂಗಾಣಿ ವಸ್ತು ಮತ್ತು ಪಾಲಿಮರ್ ಪದರಗಳಿಂದ ಅದು ರಚಿತವಾಗಿದೆ. ಇಂತಹ ಅಂಗಿಗಳಲ್ಲಿ ಗಡುಸು ಫಲಕ ಗುಂಡನ್ನು ಒಡೆಯುತ್ತದೆ, ಹಿಂದಿನ ನಾರಿನ ಪದರ ಅದರ ರಭಸವನ್ನು ಹೀರುತ್ತದೆ. ಲೋಹ ಅಲಗಿಗೆ, ಬಟ್ಟೆ ರಭಸಕ್ಕೆ ಎಂಬ ಹಳೆಯ ನೀತಿಯೇ ಹೊಸ ವೇಷದಲ್ಲಿ ಬಂದಿದೆ.

ಸಡಿಲ ಉಡುಪಿನ ಗುಣ

2024ರ ಮೇ 29ರಂದು ಸಫ್ದರ್‌ಜಂಗ್ ವೇಧಶಾಲೆಯಲ್ಲಿ 46.8 ಡಿಗ್ರಿ ದಾಖಲಾಯಿತು. ಇಂತಹ ಬಿಸಿಲಿಗೆ ತಕ್ಕ ಕವಚವೆಂದರೆ ಸಡಿಲವಾದ ಹತ್ತಿಯ ಉಡುಪು. ಅದು ಬಿಸಿಲಿನ ಕಿರಣಗಳನ್ನು ಚರ್ಮದ ಮೇಲೆ ನೇರವಾಗಿ ಬೀಳಗೊಡದು. ಬಟ್ಟೆಗೂ ಮೈಗೂ ನಡುವೆ ಗಾಳಿಯ ತೆರವು ಇರುತ್ತದೆ. ನಡೆಯುವಾಗ ಬಟ್ಟೆ ತಿದಿಯಂತೆ ಆಡಿ ಒಳಗಿನ ಬೆಚ್ಚನೆಯ ಒದ್ದೆ ಗಾಳಿಯನ್ನು ಹೊರದೂಡಿ ಒಣ ಗಾಳಿಯನ್ನು ಒಳಸೆಳೆಯುತ್ತದೆ. ಬೆವರು ಬೇಗನೆ ಆರುತ್ತದೆ.

ಮರುಭೂಮಿಯ ಬೆದೂಯಿನರು ಕಪ್ಪು ನಿಲುವಂಗಿಯನ್ನೇಕೆ ತೊಡುತ್ತಾರೆಂಬ ಪ್ರಶ್ನೆಗೆ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಪ್ರಕಟವಾಯಿತು. ಕಪ್ಪು ಬಟ್ಟೆ ಹೆಚ್ಚು ಶಾಖವನ್ನು ಹೀರುವುದು ನಿಜ. ಆದರೆ ಅಂಗಿ ಸಡಿಲವಾಗಿದ್ದುದರಿಂದ ಆ ಹೆಚ್ಚಿನ ಶಾಖ ಚರ್ಮವನ್ನು ತಲುಪುವ ಮೊದಲೇ ಗಾಳಿಯಲ್ಲಿ ಕಳೆದುಹೋಗುತ್ತಿತ್ತು. ಕಪ್ಪು, ಬಿಳಿ ಎರಡು ಅಂಗಿಗಳಲ್ಲಿಯೂ ಮೈಗೆ ತಗುಲಿದ ಶಾಖ ಒಂದೇ ಆಗಿತ್ತು. ಬಣ್ಣಕ್ಕಿಂತ ಸಡಿಲತೆಯೇ ಹೆಚ್ಚಿನದೆಂದು ಇದರಿಂದ ತಿಳಿಯುತ್ತದೆ. ಆದರೂ ಬಿಗಿಯುಡುಪು ಅನಿವಾರ್ಯವಾದಲ್ಲಿ ತಿಳಿಬಣ್ಣವೇ ಲೇಸು.

ಮಳೆಗಾಲದ ನಂತರ ಸಡಿಲ ಉಡುಪಿಗೆ ಇನ್ನೊಂದು ಕರ್ತವ್ಯ ಒದಗುತ್ತದೆ. 1996ರಲ್ಲಿ ದೆಹಲಿಯಲ್ಲಿ ಡೆಂಗೀ ಜ್ವರವು 10,000ಕ್ಕೂ ಹೆಚ್ಚು ಜನರನ್ನು ಪೀಡಿಸಿ 400ಕ್ಕೂ ಹೆಚ್ಚು ಪ್ರಾಣಗಳನ್ನು ಬಲಿ ತೆಗೆದುಕೊಂಡಿತು. ಈ ರೋಗವನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಆದ್ದರಿಂದ ರಾತ್ರಿಯ ಸೊಳ್ಳೆಪರದೆಯೊಂದೇ ಸಾಲದು. ಮೈಗಂಟಿದ ತೆಳು ಬಟ್ಟೆಯ ಮೂಲಕವೂ ಸೊಳ್ಳೆ ಕಚ್ಚಬಲ್ಲುದು. ತುಂಬುತೋಳಿನ ಸಡಿಲ ಅಂಗಿಯಾದರೆ ಅದರ ಸೂಜಿಗೆ ಚರ್ಮ ಎಟುಕುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಇದು ಅಲ್ಪವೆಚ್ಚದ ಕವಚ.

ಸಡಿಲ ಉಡುಪಿನ ದೋಷ

ತಿರುಗುವ ಚಕ್ರ ಮತ್ತು ಉರಿಯುವ ಬೆಂಕಿ, ಇವೆರಡರ ಮುಂದೆ ಸಡಿಲ ಬಟ್ಟೆ ವೈರಿಯಾಗುತ್ತದೆ. ಪ್ರಖ್ಯಾತ ನರ್ತಕಿ ಇಸಡೋರಾ ಡಂಕನ್ 1927ರ ಸೆಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ತೆರೆದ ಕಾರಿನಲ್ಲಿ ಹೊರಟಾಗ ಕೊರಳಿನ ಉದ್ದನೆಯ ವಸ್ತ್ರ ಚಕ್ರಕ್ಕೆ ಸುತ್ತಿಕೊಂಡು ಕ್ಷಣಮಾತ್ರದಲ್ಲಿ ಮೃತಳಾದಳು. ಸ್ಕೂಟರಿನ ಹಿಂಬದಿಯಲ್ಲಿ ಕುಳಿತ ಸ್ತ್ರೀಯರ ಸೆರಗು, ದುಪಟ್ಟಾಗಳಿಗೂ ಇದೇ ಅಪಾಯ. ಆದ್ದರಿಂದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂಬದಿಯ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಕನಿಷ್ಠ ಅರ್ಧ ಭಾಗವನ್ನು ಮುಚ್ಚುವ ತಡೆ ಇರಬೇಕೆಂದು ವಿಧಿಸಿವೆ. ‘ಸೀರೆ ಗಾರ್ಡ್’ ಎಂದು ಕರೆಯುವ ಆ ಕಂಬಿಯನ್ನು ಅಂದಕ್ಕೆ ಅಡ್ಡಿಯೆಂದು ತೆಗೆಸುವವರು ಈ ಮಾತನ್ನು ನೆನೆಯಬೇಕು.

ಬೆಂಕಿಯ ವಿಷಯವೂ ಹೀಗೆಯೇ. ಜೋತುಬಿದ್ದ ಸೆರಗಿಗೆ ಒಳಗೂ ಹೊರಗೂ ಗಾಳಿ ದೊರೆಯುವುದರಿಂದ ಜ್ವಾಲೆ ಶೀಘ್ರವಾಗಿ ಮೇಲೇರುತ್ತದೆ. ಹತ್ತಿ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿಯಲ್ಲಿ ಕರಗಿ ಚರ್ಮಕ್ಕೆ ಅಂಟಿ ಇನ್ನೂ ಆಳವಾಗಿ ಸುಡುತ್ತದೆ. ಅಡಿಗೆಯ ಒಲೆ, ಚಳಿಗಾಲದ ಹೀಟರು, ದೀಪಾವಳಿಯ ಹಣತೆಯ ಸಾಲು: ಈ ಮೂರರ ಮುಂದೆ ನೈಲಾನ್, ಪಾಲಿಯೆಸ್ಟರುಗಳ ಸೆರಗನ್ನು ಹಾರಲು ಬಿಡುವುದು ಸಲ್ಲದು.

ತಲೆಯ ಕವಚ

ನಗರದಲ್ಲಿ ಎಲ್ಲರಿಗೂ ಬೇಕಾದ ನಿಜವಾದ ಕವಚವೆಂದರೆ ಹೆಲ್ಮೆಟ್. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ತಲೆ ಬಡಿಯುವುದೂ ಸುಮಾರು ಮೂರೂವರೆ ಮೀಟರ್ ಎತ್ತರದಿಂದ ತಲೆಕೆಳಗಾಗಿ ಬೀಳುವುದೂ ಒಂದೇ. ಹೆಲ್ಮೆಟ್ಟಿನ ಗಡುಸು ಚಿಪ್ಪು ಏಟನ್ನು ಹರಡುತ್ತದೆ. ಒಳಗಿನ ನೊರೆಪದರ ತಾನು ನಜ್ಜಾಗುತ್ತಾ ತಲೆ ನಿಲ್ಲುವ ಕಾಲವನ್ನು ತುಸು ಹಿಗ್ಗಿಸುತ್ತದೆ. ಆ ಒಂದು ಕ್ಷಣದ ವಿಳಂಬವೇ ಮೆದುಳಿನ ಪ್ರಾಣ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಹೆಲ್ಮೆಟ್ಟಿನಿಂದ ಮೋಟಾರ್‌ಸೈಕಲ್ ಸವಾರರ ಮರಣದ ಸಂಭವ ಸುಮಾರು 42 ಪ್ರತಿಶತ, ತಲೆಯ ಗಾಯದ ಸಂಭವ 69 ಪ್ರತಿಶತ ಕಡಿಮೆಯಾಗುತ್ತದೆ.

ದೆಹಲಿಯಲ್ಲಿ ಸ್ತ್ರೀಯರಿಗೆ ದೀರ್ಘಕಾಲ ವಿನಾಯಿತಿ ಇತ್ತು. 2014ರಲ್ಲಿ ಸಿಖ್ ಸ್ತ್ರೀಯರನ್ನುಳಿದು ಮಿಕ್ಕವರಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಮುಖಕ್ಕೆ ಸುತ್ತಿದ ದುಪಟ್ಟಾ ಧೂಳನ್ನು ತಡೆದೀತು, ರಸ್ತೆಯ ಕಲ್ಲನ್ನು ತಡೆಯಲಾರದು. ಉಡುಪಿನಲ್ಲಿ ಸಡಿಲತೆ ಗುಣವಾದರೂ ಹೆಲ್ಮೆಟ್ಟಿನಲ್ಲಿ ಅದು ದೋಷವೇ ಸರಿ. ಗಲ್ಲದ ಪಟ್ಟಿ ಬಿಗಿಯಿಲ್ಲದಿದ್ದರೆ ಮೊದಲ ಏಟಿಗೇ ಅದು ಹಾರಿಹೋಗುತ್ತದೆ. ಒಂದು ಅಪಘಾತವನ್ನು ಕಂಡ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸತ್ತಿರುತ್ತದೆ, ಅದನ್ನು ಬದಲಾಯಿಸಲೇಬೇಕು.

ನೆನಪಿಡಬೇಕಾದ ಸಂಗತಿಗಳು

1. ಬಿಸಿಲಿನಲ್ಲಿ ಸಡಿಲವಾದ, ಹತ್ತಿಯ, ತುಂಬುತೋಳಿನ ಉಡುಪು ಉತ್ತಮ. ಸಮವಸ್ತ್ರ ಅಥವಾ ರಕ್ಷಣಾ ಉಡುಪು ತೊಟ್ಟು ದುಡಿಯುವವರಿಗೆ ನೆರಳು, ನೀರು ಮತ್ತು ಆಗಾಗ ವಿಶ್ರಾಂತಿಯನ್ನು ಒದಗಿಸುವುದು ದುಡಿಸಿಕೊಳ್ಳುವವರ ಹೊಣೆ. ವಸತಿ ಸಮುಚ್ಚಯದ ಕಾವಲುಗಾರರೂ ಇದರಲ್ಲಿ ಸೇರುತ್ತಾರೆ.

2. ಬಿಸಿಲಿನಲ್ಲಿದ್ದವರ ಮಾತು ತೊದಲಿದರೆ, ಬುದ್ಧಿ ಭ್ರಮಿಸಿದರೆ, ಮೈ ಸುಡುತ್ತಿದ್ದರೆ ಅದು ಉಷ್ಣಾಘಾತ. ಬೆವರು ಇದ್ದ ಮಾತ್ರಕ್ಕೆ ಉಷ್ಣಾಘಾತವಲ್ಲವೆಂದು ತಿಳಿಯಬಾರದು. ಕೂಡಲೇ 112ಕ್ಕೆ ಕರೆ ಮಾಡಿ, ನೆರಳಿಗೆ ಒಯ್ದು, ಮೇಲುಡುಪನ್ನು ಕಳಚಿ, ಮೈಗೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ರಾಮಮನೋಹರ ಲೋಹಿಯಾ ಆಸ್ಪತ್ರೆಯು 2024ರಲ್ಲಿ ಉಷ್ಣಾಘಾತದ ಪ್ರತ್ಯೇಕ ಘಟಕವನ್ನು ತೆರೆದು, ರೋಗಿಗಳನ್ನು ಮಂಜಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಂಪುಗೊಳಿಸುವ ಏರ್ಪಾಡು ಮಾಡಿತು. ಬೇಗ ತಂಪುಗೊಳಿಸುವುದೇ ಇದಕ್ಕೆ ಔಷಧ.

3. ವಾಹನವೇರುವ ಮೊದಲು ಸೆರಗು, ದುಪಟ್ಟಾಗಳನ್ನು ಸೊಂಟಕ್ಕೆ ಸಿಕ್ಕಿಸಬೇಕು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೂ ಅಳತೆಯ ಹೆಲ್ಮೆಟ್ ಮತ್ತು ಕಟ್ಟುಪಟ್ಟಿ ಬೇಕೆಂಬ, ಮಗುವಿದ್ದಾಗ ವೇಗ 40 ಕಿಲೋಮೀಟರ್ ಮೀರಬಾರದೆಂಬ ನಿಯಮ 2023ರಿಂದ ಜಾರಿಗೆ ಬಂದಿದೆ.

4. ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು. ಓಡಿದರೆ ಜ್ವಾಲೆ ಹೆಚ್ಚುತ್ತದೆ. ನೆಲದ ಮೇಲೆ ಮಲಗಿ ಹೊರಳಬೇಕು. ಸುಟ್ಟ ಗಾಯದ ಮೇಲೆ 20 ನಿಮಿಷ ನಲ್ಲಿಯ ತಣ್ಣೀರು ಹರಿಸಬೇಕು. ಅಂಟಿದ ಬಟ್ಟೆಯನ್ನು ಕೀಳಬಾರದು. ಬೆಣ್ಣೆ, ಶಾಯಿ, ಟೂತ್‌ಪೇಸ್ಟುಗಳನ್ನು ಹಚ್ಚಬಾರದು.

ಆಟದಲ್ಲಿ ಒಮ್ಮೆ ಸೋತ ಯೋಧ ಮತ್ತೊಂದು ಆಟದಲ್ಲಿ ಹೊಸ ಹೆಸರಿನಿಂದ ಎದ್ದು ಬರುತ್ತಾನೆ. ಬದುಕಿನಲ್ಲಿ ಆ ಸೌಲಭ್ಯವಿಲ್ಲ. ಕರ್ಣನಂತೆ ಕವಚದೊಡನೆ ಹುಟ್ಟಿ ಬಂದವರೂ ಯಾರಿಲ್ಲ. ಎದುರಿಗಿರುವ ಅಪಾಯ ಬಿಸಿಲೋ, ಬೆಂಕಿಯೋ, ಚಕ್ರವೋ, ಸೊಳ್ಳೆಯೋ ಎಂಬುದನ್ನರಿತು ತಕ್ಕ ಉಡುಪನ್ನು ಆರಿಸಿಕೊಳ್ಳುವ ವಿವೇಕವೇ ಮನುಷ್ಯನಿಗೆ ದೊರೆತಿರುವ ಸಹಜ ಕವಚ.